ಸಂತರ ದಾರಿಯಲ್ಲಿ ಕಲ್ಲು ಓದುತ್ತ

ಮೊಬೈಲಿನಲ್ಲಿ ‘ವೆಂಟ್ರಿ’ ಎಂದು ಹಾಕಿಕೊಂಡು ಹೊರಟವರಿಗೆ ದಾರಿಯುದ್ದಕ್ಕೂ ವೆಂಟ್ರಿ ಎನ್ನುವ ಬೋರ್ಡೇ ಸಿಗುವುದಿಲ್ಲ. ಊರು ತಲುಪಿದ ಮೇಲೂ ಕಾಣುವುದು ‘ಕ್ಯೌನ್ ಟ್ರಾ’ ಎಂಬ ಹೆಸರೇ. ದಾರಿ ತಪ್ಪಿತೇನೋ ಎಂದು ಗಾಬರಿಯಾಗಬೇಡಿ, ಎರಡೂ ಒಂದೇ ಊರು. ಐರ್ಲೆಂಡಿನ ನೈಋತ್ಯ ಮೂಲೆಯ ಕೆರಿ ಕೌಂಟಿಯಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ಬೆರಳಿನಂತೆ ಚಾಚಿಕೊಂಡಿರುವ ಡಿಂಗಲ್ ಪರ್ಯಾಯದ್ವೀಪದ ಪಶ್ಚಿಮದ ತುದಿಗೆ ನೀವು ಬಂದಿದ್ದೀರಿ. ಇಲ್ಲಿನ ಜನ ಈಗಲೂ ಮನೆಯಲ್ಲಿ, ಅಂಗಡಿಯಲ್ಲಿ ಐರಿಷ್ ಮಾತಾಡುತ್ತಾರೆ. ಹೀಗೆ ಐರಿಷ್ ಉಳಿದುಕೊಂಡಿರುವ ಪ್ರದೇಶಗಳನ್ನು ‘ಗೇಲ್ಟಖ್ಟ್’ ಎನ್ನುತ್ತಾರೆ.

ಈ ಕ್ಯೌನ್ ಟ್ರಾ ಕಡಲತೀರದಿಂದ ಬ್ರ್ಯಾಂಡನ್ ಬೆಟ್ಟದ ಬುಡದವರೆಗೆ 18 ಕಿಲೋಮೀಟರ್ ಉದ್ದದ ಕಾಲುದಾರಿಯೊಂದಿದೆ. ಹೆಸರು ‘ಕೊಸಾನ್ ನ ನೇವ್’, ಅಂದರೆ ಸಂತರ ದಾರಿ. ಮಧ್ಯಯುಗದಲ್ಲಿ ಸಂತ ಬ್ರೆಂಡನ್‌ನ ಬೆಟ್ಟಕ್ಕೆ ಹೋಗುತ್ತಿದ್ದ ಯಾತ್ರಿಕರ ಹಾದಿ ಇದು. ಒಂದು ದಿನದ ನಡಿಗೆಯಲ್ಲಿ ಸಾವಿರ ವರ್ಷ ಮೀರಿದ ಶಾಸನ, ಗಾರೆಯಿಲ್ಲದೆ ನಿಂತ ಪ್ರಾರ್ಥನಾಮಂದಿರ, 12ನೆಯ ಶತಮಾನದ ಚರ್ಚು, ಕೋಟೆ, ಎಲ್ಲವೂ ಸಿಗುತ್ತವೆ. ಆದರೆ ಟಿಕೆಟ್ ಕೌಂಟರ್, ಗೈಡು, ವಿವರದ ಫಲಕಗಳನ್ನು ನಂಬಿಕೊಂಡು ಬಂದರೆ ಅರ್ಧಕ್ಕರ್ಧ ಕಣ್ಣಿಗೆ ಬೀಳುವುದಿಲ್ಲ. ಹೆಚ್ಚಿನವು ಯಾರದೋ ಹುಲ್ಲುಗಾವಲಿನಲ್ಲಿ, ಕುರಿಗಳ ನಡುವೆ ಸುಮ್ಮನೆ ನಿಂತಿವೆ. ಊರ ಹೆಸರು, ಕಲ್ಲಿನ ಗೀಟು, ಹೊಲದ ಗೇಟು, ಈ ಮೂರನ್ನು ಓದಲು ಬಂದವರಿಗೆ ಇಲ್ಲಿ ಬೇರೆ ಗೈಡು ಬೇಕಿಲ್ಲ.

ಡಬ್ಲಿನ್, ಕಾರ್ಕ್‌ಗಳಲ್ಲಿ ಕೆಲಸದಲ್ಲಿರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅವರಿಗೂ, ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರಿಗೂ ಒಂದು ವಾರಾಂತ್ಯಕ್ಕೆ ಇದು ಹೇಳಿ ಮಾಡಿಸಿದ ಪ್ರವಾಸ.

ಮೊದಲು ಬೋರ್ಡು ಓದಿ

ಗೇಲ್ಟಖ್ಟ್ ಪ್ರದೇಶದಲ್ಲಿ ಊರ ಬೋರ್ಡುಗಳು ಐರಿಷ್‌ನಲ್ಲಿ ಮಾತ್ರ ಇರುತ್ತವೆ. 2005ರಲ್ಲಿ ಜಾರಿಗೆ ಬಂದ ಸರ್ಕಾರಿ ಆದೇಶದಿಂದ ಇಲ್ಲಿನ ಊರುಗಳ ಇಂಗ್ಲಿಷ್ ಹೆಸರುಗಳು ರಸ್ತೆ ಫಲಕಗಳಿಂದಲೂ ಸರ್ಕಾರಿ ನಕ್ಷೆಗಳಿಂದಲೂ ಹೋದವು. ತಕರಾರು ಎದ್ದದ್ದು ಡಿಂಗಲ್ ಪೇಟೆಯಲ್ಲಿ. ‘ಡಿಂಗಲ್’ ಎಂಬ ಹೆಸರಿಗೇ ಪ್ರವಾಸಿಗರು ಬರುವುದು, ಅದನ್ನೇ ತೆಗೆದರೆ ಹೇಗೆ ಎಂದು ಊರವರು 2006ರಲ್ಲಿ ಮತ ಹಾಕಿ ಎರಡೂ ಭಾಷೆಯ ಹೆಸರು ಬೇಕೆಂದರು. ಕೊನೆಗೆ 2011ರಲ್ಲಿ ಕಾನೂನು ತಿದ್ದಬೇಕಾಯಿತು. ಬೋರ್ಡಿನ ಭಾಷೆಯ ಜಗಳ ನಮಗೇನೂ ಹೊಸದಲ್ಲ. ನಡೆಯುವವರು ನೆನಪಿಡಬೇಕಾದದ್ದು ಇಷ್ಟೇ: ಹೊರಡುವ ಮುಂಚೆ ಪ್ರತಿ ಊರಿನ ಎರಡೂ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮಲ್ಲಿ ಹಳ್ಳಿ, ಕೆರೆ, ಪುರ, ಕೋಟೆ ಎಂದು ಊರ ಹೆಸರಿನ ಬಾಲ ನೋಡಿಯೇ ಅಲ್ಲೇನಿತ್ತೆಂದು ಊಹಿಸುತ್ತೇವಲ್ಲ, ಇಲ್ಲಿ ಆ ಸುಳಿವು ಹೆಸರಿನ ತಲೆಯಲ್ಲಿರುತ್ತದೆ. ಹನ್ನೊಂದು ಪದ ಗೊತ್ತಿದ್ದರೆ ಸಾಕು:

‘ಕಿಲ್’ ಎಂದರೆ ಹಳೆಯ ಚರ್ಚು ಅಥವಾ ಸನ್ಯಾಸಿಯ ಗುಡಿಸಲು.
‘ತ್ಯಾಂಪಲ್’ ಎಂದರೂ ಚರ್ಚೇ.
‘ಡೂನ್’ ಎಂದರೆ ಕೋಟೆ.
‘ರಾ’, ‘ಲಿಸ್’ ಎಂದರೆ ದುಂಡನೆಯ ಮಣ್ಣಿನ ಕೋಟೆ.
‘ಬಾಲ್ಯ’ ಎಂದರೆ ಊರು. ಇಂಗ್ಲಿಷ್‌ನಲ್ಲಿ ಇದೇ ‘ಬ್ಯಾಲಿ’ ಆಗುತ್ತದೆ.
‘ಟ್ರಾ’ ಎಂದರೆ ಮರಳಿನ ತೀರ.
‘ಕ್ಯೌನ್’ ಎಂದರೆ ತಲೆ, ತುದಿ.
‘ಕೂಸ್’ ಎಂದರೆ ಬಂಡೆಗಳ ನಡುವಿನ ಕಿರುಕೊಲ್ಲಿ.
‘ಮಾಮ್’ ಎಂದರೆ ಕಣಿವೆದಾರಿ, ಘಾಟಿ.
‘ಕ್ನೊಕ್’ ಎಂದರೆ ಗುಡ್ಡ.

ಹಾಗಾಗಿ ಕ್ಯೌನ್ ಟ್ರಾ ಎಂದರೆ ತೀರದ ತಲೆ. ಬೋರ್ಡಿನಲ್ಲಿ ‘ಕಿಲ್’ ಕಂಡರೆ ಹತ್ತಿರದಲ್ಲೆಲ್ಲೋ ಒಂದು ಪಾಳು ಚರ್ಚು ಇದೆ ಎಂದು ಹುಡುಕಲು ಶುರುಮಾಡಬಹುದು. ಬಹಳ ಸಲ ಸಿಕ್ಕೇ ಸಿಗುತ್ತದೆ.

ಹೋಗುವುದು ಹೇಗೆ, ಯಾವಾಗ?

ಭಾರತದಿಂದ ಬರುವವರು ಮೊದಲು ಗಮನಿಸಬೇಕಾದದ್ದು ವೀಸಾ. ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಶೆಂಗೆನ್ ವ್ಯವಸ್ಥೆಯಲ್ಲಿಲ್ಲ. ಪ್ಯಾರಿಸ್ಸಿಗೆ ಹೋಗಿಬಂದ ವೀಸಾ ಇಲ್ಲಿ ನಡೆಯದು, ಬೇರೆಯೇ ಮಾಡಿಸಬೇಕು. ಹಣ ಮಾತ್ರ ಯೂರೋ.

ಡಬ್ಲಿನ್ ಹ್ಯೂಸ್ಟನ್ ನಿಲ್ದಾಣದಿಂದ ಟ್ರಲೀ ಪಟ್ಟಣಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಕೆಲವು ರೈಲುಗಳನ್ನು ಮ್ಯಾಲೋದಲ್ಲಿ ಬದಲಿಸಬೇಕು. ಟ್ರಲೀಯಿಂದ ಡಿಂಗಲ್‌ಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಉಳಿದುಕೊಳ್ಳಲು ಡಿಂಗಲ್ ಪೇಟೆಯೇ ಅನುಕೂಲ. ಅಲ್ಲಿಂದ ವೆಂಟ್ರಿ ಹತ್ತಿರ. ಪೇಟೆಯಿಂದಾಚೆ ಬಸ್ಸುಗಳು ತೀರ ಕಡಿಮೆ. ಆದ್ದರಿಂದ ನಡಿಗೆ ಮುಗಿಯುವ ಬಾಲ್ಯ ಬ್ರ್ಯಾಕ್ ಎಂಬ ಜಾಗಕ್ಕೆ ಸಂಜೆ ಟ್ಯಾಕ್ಸಿ ಬರಲು ಬೆಳಿಗ್ಗೆಯೇ ಹೇಳಿಟ್ಟು ಹೊರಡಿ. ಇದನ್ನು ಮರೆತರೆ 18 ಕಿಲೋಮೀಟರ್ ನಡೆದ ಕಾಲಿಗೆ ವಾಪಸು ದಾರಿಯೂ ಸೇರಿಕೊಳ್ಳುತ್ತದೆ.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಜೂನ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೂ ಬೆಳಕಿರುತ್ತದೆ, ಅವಸರವಿಲ್ಲದೆ ಕಲ್ಲುಗಳ ಮುಂದೆ ಕೂರಬಹುದು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆಲ್ಲ ಸೂರ್ಯಾಸ್ತ. ಮಳೆಗೆ ಕಾಲವೆಂಬುದಿಲ್ಲ. ಒಂದೇ ದಿನದಲ್ಲಿ ಬಿಸಿಲು, ಮಂಜು, ಓರೆಮಳೆ ಮೂರೂ ಬಂದುಹೋಗುತ್ತವೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ರೇನ್‌ಕೋಟೇ ಗತಿ.

ಯಾತ್ರಿಕನ ಹೆಸರು ಕೆತ್ತಿದ ಕಲ್ಲು

ನಡಿಗೆ ವೆಂಟ್ರಿಯ ಅರ್ಧಚಂದ್ರಾಕಾರದ ಮರಳ ದಂಡೆಯಿಂದ ಶುರುವಾಗುತ್ತದೆ. ಐರಿಷ್ ಪುರಾಣದ ವೀರ ಫಿನ್ ಮಕ್ ಕೂಲ್ ‘ಜಗದೊಡೆಯ’ ಡಾರಾ ಡೌನ್ ಎಂಬವನ ಸೈನ್ಯದೊಡನೆ ಒಂದು ವರ್ಷ ಒಂದು ದಿನ ಕಾದಾಡಿದ್ದು ಇದೇ ದಂಡೆಯಲ್ಲಂತೆ. ದಂಡೆ ಬಿಟ್ಟು ಒಳನಾಡಿಗೆ ತಿರುಗಿದರೆ ರಹಿನಾನ್ ಕೋಟೆಯ ಮುರುಕು ಗೋಪುರ ಕಾಣುತ್ತದೆ. ಇದು ಕೋಟೆಯೊಳಗಿನ ಕೋಟೆ. ಆಳದ ಕಂದಕವಿರುವ ಹಳೆಯ ದುಂಡುಕೋಟೆಯೊಂದರ ನಡುವೆ ಶತಮಾನಗಳ ನಂತರ ‘ನೈಟ್ಸ್ ಆಫ್ ಕೆರಿ’ ಮನೆತನದವರು ತಮ್ಮ ಕಲ್ಲಿನ ಗೋಪುರ ಎಬ್ಬಿಸಿದರು. ಕಂದಕ ಸಿದ್ಧವಿದ್ದಾಗ ಹೊಸದು ತೋಡುವುದೇಕೆ ಎಂಬ ಲೆಕ್ಕಾಚಾರ ಇದ್ದಿರಬೇಕು.

ಅಲ್ಲಿಂದ ಮುಂದೆ ಮಾಮನೋರಿಗ್ ಎಂಬಲ್ಲಿ, ಕಿಲ್‌ಕೊಲ್ಮನ್ ಎಂಬ ಹಳೆಯ ಚರ್ಚಿನ ಆವರಣದಲ್ಲಿ ಶಿಲುಬೆ ಕೆತ್ತಿದ ಒಂದು ಬಂಡೆಯಿದೆ. ಈ ದಾರಿಯಲ್ಲಿ ಒಂದೇ ಒಂದು ಕಲ್ಲು ನೋಡುವುದಿದ್ದರೆ ಇದನ್ನೇ ನೋಡಿ. ಅದರ ಮೇಲಿನ ಗೀಟುಗಳನ್ನು ವಿದ್ವಾಂಸರು ‘ಅನ್ಮ್ ಕೊಲ್ಮಾನ್ ಅಲಿಥಿರ್’ ಎಂದು ಓದಿದ್ದಾರೆ. ಅರ್ಥ: ‘ಯಾತ್ರಿಕ ಕೊಲ್ಮಾನನ ಹೆಸರು.’ ‘ಅನ್ಮ್’ ಎಂದರೆ ಹೆಸರು, ಸಂಸ್ಕೃತದ ‘ನಾಮ’ಕ್ಕೆ ದೂರದ ದಾಯಾದಿ. ‘ಅಲಿಥಿರ್’ ಎಂದರೆ ಅನ್ಯನಾಡಿಗೆ ಹೊರಟವನು, ಯಾತ್ರಿಕ. ಈ ದಾರಿಯಲ್ಲಿ ಹಿಂದೆ ಯಾತ್ರಿಕರು ಓಡಾಡಿದ್ದರು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇರೆ ಬೇಕಿಲ್ಲ. ಕಲ್ಲು ಇರುವುದು ಖಾಸಗಿ ಹೊಲದಲ್ಲಿ. ಗುರುತು ಹಾಕಿದ ದಾರಿ ಬಿಟ್ಟು ಒಳಗೆ ಹೋಗಬೇಕಿದ್ದರೆ ಹತ್ತಿರದ ಮನೆಯಲ್ಲಿ ಒಂದು ಮಾತು ಕೇಳಿ.

ಇಂಥ ಹಳೆಯ ಆವರಣಗಳಲ್ಲಿ ಒರಳಿನಂತೆ ಗುಳಿಬಿದ್ದ ಬಂಡೆಗಳೂ ಸಿಗುತ್ತವೆ. ಅವನ್ನು ‘ಬುಲ್ಲಾನ್’ ಎನ್ನುತ್ತಾರೆ. ಗುಳಿಯಲ್ಲಿ ನಿಂತ ಮಳೆನೀರಿಗೆ ಕಾಯಿಲೆ ವಾಸಿಮಾಡುವ ಗುಣವಿದೆ ಎಂಬ ನಂಬಿಕೆ ಬಹಳ ಕಡೆ ಇತ್ತು.

ಓಗಂ ಓದುವ ಬಗೆ

ಕೊಲ್ಮಾನನ ಕಲ್ಲಿನ ಲಿಪಿಗೆ ‘ಓಗಂ’ ಎಂದು ಹೆಸರು. ಸುಮಾರು 4ನೆಯ ಶತಮಾನದಿಂದ 7ನೆಯ ಶತಮಾನದವರೆಗೆ ಕಲ್ಲುಗಳ ಮೇಲೆ ಬಳಕೆಯಲ್ಲಿದ್ದ ಲಿಪಿ. ನಮ್ಮ ಹಲ್ಮಿಡಿ ಶಾಸನ ಹುಟ್ಟಿದ್ದೂ ಹೆಚ್ಚುಕಡಿಮೆ ಈ ಕಾಲದಲ್ಲೇ. ಉಳಿದಿರುವ ಓಗಂ ಕಲ್ಲುಗಳು ಸುಮಾರು 400. ಹೆಚ್ಚಿನವು ಐರ್ಲೆಂಡಿನಲ್ಲಿ, ಅದರಲ್ಲೂ ಕೆರಿ ಕೌಂಟಿಯ ಪಾಲು ಎಲ್ಲಕ್ಕಿಂತ ದೊಡ್ಡದು.

ಓದುವುದು ಕಾಣುವಷ್ಟು ಕಷ್ಟವಲ್ಲ. ಕಲ್ಲಿನ ಒಂದು ಅಂಚೇ ಬರವಣಿಗೆಯ ಗೆರೆ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಮೂಲದಲ್ಲಿ ಇಪ್ಪತ್ತು ಅಕ್ಷರ, ಐದೈದರ ನಾಲ್ಕು ಗುಂಪು. ಅಂಚಿನ ಬಲಕ್ಕೆ ಒಂದರಿಂದ ಐದು ಗೀಟು ಎಳೆದರೆ ಒಂದು ಗುಂಪು, ಎಡಕ್ಕೆ ಎಳೆದರೆ ಎರಡನೆಯದು, ಅಂಚನ್ನು ದಾಟಿ ಓರೆಯಾಗಿ ಎಳೆದರೆ ಮೂರನೆಯದು. ಅಂಚಿನ ಮೇಲೆಯೇ ಚಿಕ್ಕ ಚುಕ್ಕಿ ಕೊರೆದರೆ ಅವು ಸ್ವರಗಳು.

ಹೆಚ್ಚಿನ ಶಾಸನಗಳ ಒಕ್ಕಣೆ ಒಂದೇ: ‘ಇಂಥವನ ಮಗ ಇಂಥವನು’. ಮಗ ಎನ್ನುವುದಕ್ಕೆ ‘ಮಕ್ವಿ’. ಆದ್ದರಿಂದ ಆ ಒಂದು ಪದ ಗುರುತಿಸಲು ಕಲಿತರೆ ಸಾಕು. ಅಂಚು ದಾಟಿದ ಒಂದು ಓರೆಗೀಟು, ಒಂದು ಚುಕ್ಕಿ, ಎಡಕ್ಕೆ ಐದು ಗೀಟು, ಮತ್ತೆ ಐದು ಚುಕ್ಕಿ. ಇಷ್ಟು ಕಂಡರೆ ಅದು ‘ಮಕ್ವಿ’. ಐರಿಷ್, ಸ್ಕಾಟಿಷ್ ಹೆಸರುಗಳ ಮುಂದಿನ ‘ಮ್ಯಾಕ್’ ಬಂದದ್ದು ಇದೇ ಪದದಿಂದ. ಬೆಂಗಳೂರಿನ ಮಾಲ್‌ನಲ್ಲಿ ಬರ್ಗರ್ ಮಾರುವ ಅಂಗಡಿಯ ಹೆಸರಿನಲ್ಲೂ ಇರುವುದು ಅದೇ ಮಗ.

ಗೀಟು ಸವೆದು ಕಾಣದಿದ್ದರೆ ಸೀಮೆಸುಣ್ಣ ಬಳಿಯಬೇಡಿ, ಉಜ್ಜಬೇಡಿ, ನೀರು ಸುರಿಯಬೇಡಿ. ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ಒತ್ತಿದಂತೆ ಓರೆಯಾಗಿ ಹಿಡಿಯಿರಿ. ನೆರಳು ಬಿದ್ದು ಗೀಟುಗಳು ಎದ್ದು ಕಾಣುತ್ತವೆ. ಬೆಳಗಿನ ಮತ್ತು ಸಂಜೆಯ ಬಿಸಿಲೂ ಇದೇ ಕೆಲಸ ಮಾಡುತ್ತದೆ.

ಗ್ಯಾಲರಸ್: ಗಾರೆಯಿಲ್ಲದ ಗೋಡೆ

ನಡುದಾರಿಯಲ್ಲಿ ಸಿಗುವ ಗ್ಯಾಲರಸ್ ಪ್ರಾರ್ಥನಾಮಂದಿರ ಈ ಭಾಗದ ಅತಿ ಪ್ರಸಿದ್ಧ ಕಟ್ಟಡ. ದೂರದಿಂದ ನೋಡಿದರೆ ದೋಣಿಯೊಂದನ್ನು ಬೋರಲು ಹಾಕಿದಂತಿದೆ. ಹೊರಗಿನಿಂದ ಸುಮಾರು 8 ಮೀಟರ್ ಉದ್ದ, 5 ಮೀಟರ್ ಅಗಲ, 5 ಮೀಟರ್ ಎತ್ತರ. ಗೋಡೆ ಎಲ್ಲಿ ಮುಗಿಯಿತು, ಚಾವಣಿ ಎಲ್ಲಿ ಶುರುವಾಯಿತು ಎಂದು ಹೇಳಲಾಗದು, ಎರಡೂ ಒಂದೇ.

ಹತ್ತಿರ ಹೋಗಿ ಕಲ್ಲಿನ ಸಾಲುಗಳನ್ನು ನೋಡಿ. ಮೇಲಿನ ಪ್ರತಿ ಕಲ್ಲೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿದೆ. ಹೀಗೆ ಎರಡೂ ಬದಿಯಿಂದ ಮೇಲೇರುತ್ತ ಸಾಲುಗಳು ನೆತ್ತಿಯಲ್ಲಿ ಕೂಡಿಕೊಂಡಿವೆ. ಕಲ್ಲುಗಳನ್ನು ಹೊರಮುಖವಾಗಿ ಚೂರು ಇಳಿಜಾರು ಮಾಡಿ ಇಟ್ಟಿದ್ದಾರೆ. ಬಿದ್ದ ಮಳೆ ಒಳಗೆ ಇಳಿಯದೆ ಹೊರಕ್ಕೆ ಜಾರಿಹೋಗುವುದು ಇದರಿಂದ. ಅಟ್ಲಾಂಟಿಕ್ ಮಳೆಗಾಳಿಯನ್ನು ಇಷ್ಟು ಶತಮಾನ ತಿಂದೂ ಒಳಗೆ ಒಣಗಿಯೇ ಇದೆ. ಕಟ್ಟಡ ದಣಿದ ಗುರುತು ಒಂದೇ, ನೆತ್ತಿಯ ಗೆರೆ ನಡುವೆ ಸ್ವಲ್ಪ ಜಗ್ಗಿದೆ.

ಪಶ್ಚಿಮದ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ ಹಿಂದಿರುಗಿ ನೋಡಿ. ಬಾಗಿಲ ಮೇಲೆ ಒಳಬದಿಗೆ ಚಾಚಿದ ಎರಡು ಕಲ್ಲುಗಳಲ್ಲಿ ತೂತುಗಳಿವೆ. ಕದವನ್ನು ನೇತುಹಾಕುತ್ತಿದ್ದದ್ದು ಅಲ್ಲಿಂದ. ಎದುರಿನ ಪೂರ್ವದ ಗೋಡೆಯಲ್ಲಿ ಅಂಗೈಯಷ್ಟೇ ಅಗಲದ ಕಿಟಕಿ. ಆ ಕಿಟಕಿಯಲ್ಲಿ ತೂರಿ ಹೊರಬಂದವರ ಆತ್ಮ ಶುದ್ಧವಾಗುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ಕಿಟಕಿಯ ಅಳತೆ ನೋಡಿದರೆ ಆ ಪುಣ್ಯ ಯಾರಿಗೂ ದಕ್ಕಿದಂತಿಲ್ಲ.

ಕಟ್ಟಿದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 7–8ನೆಯ ಶತಮಾನ ಎನ್ನುವವರಿದ್ದಾರೆ, 12ನೆಯ ಶತಮಾನದವರೆಗೂ ಎಳೆಯುವವರಿದ್ದಾರೆ. ಕೌಶಲದ ಬಗ್ಗೆ ಜಗಳವಿಲ್ಲ. ಗಾರೆಯಿಲ್ಲದೆ ಕಲ್ಲು ಜೋಡಿಸುವ ಕಲೆಯ ಯುನೆಸ್ಕೋ ಪರಂಪರೆಯ ಪಟ್ಟಿಗೆ 2024ರಲ್ಲಿ ಐರ್ಲೆಂಡಿನ ಹೆಸರೂ ಸೇರಿತು. ದಾರಿಯ ಬದಿಯ ಹೊಲದ ಗೋಡೆಗಳನ್ನು ಇವತ್ತಿಗೂ ಹೀಗೆಯೇ ಕಟ್ಟುತ್ತಾರೆ.

ಒಂದು ಸೂಚನೆ: ಪಕ್ಕದಲ್ಲಿರುವ ಖಾಸಗಿ ಸಂದರ್ಶಕರ ಕೇಂದ್ರ ಮತ್ತು ಅದರ ಪಾರ್ಕಿಂಗ್‌ಗೆ ಹಣ ಕೊಡಬೇಕು, ಸ್ಮಾರಕಕ್ಕಲ್ಲ. ರಸ್ತೆಯ ಕಡೆಯಿಂದ ಹೋಗುವ ಕಾಲುದಾರಿ ಎಲ್ಲರಿಗೂ ಉಚಿತ. ಬೇಸಿಗೆಯಲ್ಲಿ ಮಧ್ಯಾಹ್ನ ಪ್ರವಾಸಿ ಬಸ್ಸುಗಳು ತುಂಬಿರುತ್ತವೆ, ಬೆಳಿಗ್ಗೆ ಬೇಗ ಅಥವಾ ಸಂಜೆ ಆರರ ಮೇಲೆ ಹೋದರೆ ಒಬ್ಬರೇ ಇರಬಹುದು.

ಬಳಸುದಾರಿ: ರಿಯಾಸ್ಕ್

ಗ್ಯಾಲರಸ್‌ನಿಂದ ಪಶ್ಚಿಮಕ್ಕೆ ಬ್ಯಾಲಿಫೆರಿಟರ್ ಊರಿನ ಕಡೆ ಸ್ವಲ್ಪ ಬಳಸಿಕೊಂಡು ಹೋಗಲು ಸಮಯವಿದ್ದರೆ ರಿಯಾಸ್ಕ್ ನೋಡಿ. ಇದು ಒಂದು ಇಡೀ ಸನ್ಯಾಸಿ ಮಠದ ತಳಪಾಯ. 1972ರಿಂದ 1975ರವರೆಗೆ ಪುರಾತತ್ವಜ್ಞ ಟಾಮ್ ಫ್ಯಾನಿಂಗ್ ಇಲ್ಲಿ ಉತ್ಖನನ ನಡೆಸಿದರು. ಸುತ್ತುಗೋಡೆಯ ಒಳಗೆ ದುಂಡನೆಯ ಕಲ್ಲುಗುಡಿಸಲುಗಳ ಅಡಿಪಾಯ, ಪುಟ್ಟ ಪ್ರಾರ್ಥನಾಮಂದಿರ, ಧಾನ್ಯ ಒಣಗಿಸುವ ಗೂಡು ಸಿಕ್ಕಿವೆ. ನಡುವಿನ ಗೋಡೆ ಪೂಜೆಯ ಜಾಗವನ್ನೂ ವಾಸದ ಜಾಗವನ್ನೂ ಬೇರೆ ಮಾಡುತ್ತದೆ. ಇಲ್ಲಿನ ಹೆಗ್ಗುರುತು ಒಂದು ನಿಲುಗಲ್ಲು: ಮೇಲ್ಭಾಗದಲ್ಲಿ ವೃತ್ತದೊಳಗೆ ಶಿಲುಬೆ, ಅದರಿಂದ ಕೆಳಕ್ಕೆ ಬಳ್ಳಿಯಂತೆ ಇಳಿಬಿದ್ದ ಸುರುಳಿಗಳು.

ಮಠ ಹಾಳುಬಿದ್ದ ಮೇಲೆ ಇದು ಬ್ಯಾಪ್ಟಿಸಂ ಆಗುವ ಮುಂಚೆ ತೀರಿಕೊಂಡ ಎಳೆಗೂಸುಗಳನ್ನು ಹೂಳುವ ಜಾಗವಾಯಿತು. ಅಂಥ ಮಕ್ಕಳಿಗೆ ಚರ್ಚಿನ ಸ್ಮಶಾನದಲ್ಲಿ ಜಾಗವಿರಲಿಲ್ಲ. ತಾಯ್ತಂದೆಯರು ಹಳೆಯ ಮಠದ ಪಾಳುನೆಲ ಹುಡುಕಿಕೊಂಡು ಬರುತ್ತಿದ್ದರು. ಐರ್ಲೆಂಡಿನ ಉದ್ದಗಲಕ್ಕೂ ಇಂಥ ಜಾಗಗಳಿವೆ. ಹುಲ್ಲಿನಲ್ಲಿ ಹೆಸರಿಲ್ಲದ ಸಣ್ಣಸಣ್ಣ ಕಲ್ಲುಗಳು ಕಂಡರೆ ಅವುಗಳ ಮೇಲೆ ಕಾಲಿಡಬೇಡಿ.

ಬ್ಯಾಲಿಫೆರಿಟರ್‌ನ ಹಳೆಯ ಶಾಲೆಯ ಕಟ್ಟಡದಲ್ಲಿ ಈ ಪ್ರದೇಶದ ವಸ್ತುಸಂಗ್ರಹಾಲಯವಿದೆ. ಮಳೆ ಜೋರಾದರೆ ಅಲ್ಲಿ ಒಂದು ಗಂಟೆ ಕಳೆದು ಮುಂದುವರಿಯಬಹುದು.

ಕಿಲ್ಮಾಲ್ಕೆಡರ್: ತೂತಿರುವ ಕಲ್ಲು

ಗ್ಯಾಲರಸ್‌ನಿಂದ ಅರ್ಧ ಗಂಟೆಯ ಚಿಲ್ಲರೆ ನಡಿಗೆಯಲ್ಲಿ ಕಿಲ್ಮಾಲ್ಕೆಡರ್. ಹೆಸರಿನಲ್ಲೇ ‘ಕಿಲ್’ ಇದೆ ನೋಡಿ. ಇಲ್ಲಿನ ಪಾಳುಚರ್ಚು 12ನೆಯ ಶತಮಾನದ್ದು, ರೋಮನೆಸ್ಕ್ ಶೈಲಿಯದು. ಬಾಗಿಲ ಕಮಾನಿನಲ್ಲಿ, ಒಳಗಿನ ಗರ್ಭಗೃಹದಂಥ ಭಾಗದ ಕಮಾನಿನಲ್ಲಿ ಮೊನಚು ಮೊನಚಾದ ಅಲಂಕಾರಗಳಿವೆ. ಒಳಗೆ ಲ್ಯಾಟಿನ್ ಅಕ್ಷರಮಾಲೆ ಕೆತ್ತಿದ ಕಲ್ಲೊಂದಿದೆ, ಯಾವ ಕಾಲದ ಯಾರ ಓನಾಮವೋ.

ಅಂಗಳದ ಸ್ಮಶಾನದಲ್ಲಿ ಎರಡು ವಸ್ತುಗಳನ್ನು ತಪ್ಪಿಸಬೇಡಿ. ಒಂದು, ಕಲ್ಲಿನ ಸೂರ್ಯಗಡಿಯಾರ. ಅದರ ಗೆರೆಗಳು ದಿನವನ್ನು ಗಂಟೆಗಳಾಗಿ ಹಂಚುವುದಿಲ್ಲ, ಸನ್ಯಾಸಿಗಳ ಪ್ರಾರ್ಥನೆಯ ಹೊತ್ತುಗಳಾಗಿ ಹಂಚುತ್ತವೆ. ಇನ್ನೊಂದು, ನೆತ್ತಿಯಲ್ಲಿ ತೂತಿರುವ ಎತ್ತರದ ಓಗಂ ಕಲ್ಲು. ಅದರ ಮೇಲೆ ‘ಬ್ರೊಕಾನ್‌ನ ಮಗ ಮೈಲ್ ಇನ್ಬಿರ್‌ನ ಹೆಸರು’ ಎಂದಿದೆ. ಕಲಿತ ಪಾಠವನ್ನು ಇಲ್ಲಿ ಪರೀಕ್ಷಿಸಿ: ‘ಮಗ’ ಎಂಬ ಪದದಲ್ಲಿ ಎಡಗಡೆಯ ಗೀಟುಗಳು ಐದಲ್ಲ, ನಾಲ್ಕೇ ಇವೆ. ‘ಮಕ್ವಿ’ ಇಲ್ಲಿ ‘ಮಕಿ’ ಆಗಿದೆ. ಕೆತ್ತುವ ಹೊತ್ತಿಗೆ ಜನರ ಬಾಯಲ್ಲಿ ‘ಕ್ವ’ ಸವೆದು ‘ಕ’ ಆಗಿತ್ತು. ಅಂದರೆ ಈ ಕಲ್ಲು ಓಗಂ ಕಾಲದ ಕೊನೆಕೊನೆಯದು. ಒಂದು ಗೀಟು ಕಡಿಮೆಯಾದದ್ದರಲ್ಲಿ ಒಂದು ಭಾಷೆ ಬದಲಾದ ಕಥೆಯಿದೆ.

ಆ ತೂತಿನಲ್ಲಿ ಎರಡೂ ಕಡೆಯಿಂದ ಬೆರಳು ತೂರಿಸಿ ಮುಟ್ಟಿ ಮಾತು ಕೊಟ್ಟರೆ ಅದು ಮುರಿಯಬಾರದ ಒಪ್ಪಂದ ಎಂಬ ರೂಢಿಯ ಕಥೆ ಊರಲ್ಲಿದೆ. ಇಂದಿಗೂ ಜೋಡಿಗಳು ಬಂದು ಬೆರಳು ಮುಟ್ಟಿಸುತ್ತಾರೆ. ಮುಟ್ಟಿಸಿ, ಅಡ್ಡಿಯಿಲ್ಲ. ಆದರೆ ಇದು ಊರವರ ಹಿರಿಯರನ್ನು ಮಣ್ಣು ಮಾಡಿರುವ ಜಾಗ ಎಂಬುದು ನೆನಪಿರಲಿ. ಶವಸಂಸ್ಕಾರ ನಡೆಯುತ್ತಿದ್ದರೆ ಕ್ಯಾಮೆರಾ ಒಳಗಿಟ್ಟು ದೂರ ನಿಲ್ಲಿ.

ಬ್ರೆಂಡನ್‌ನ ಬೆಟ್ಟ

ದಾರಿ ಬಾಲ್ಯ ಬ್ರ್ಯಾಕ್‌ನಲ್ಲಿ ಮುಗಿಯುತ್ತದೆ, ಯಾತ್ರೆ ಮುಗಿಯುವುದು 952 ಮೀಟರ್ ಎತ್ತರದ ಬ್ರ್ಯಾಂಡನ್ ಬೆಟ್ಟದ ನೆತ್ತಿಯಲ್ಲಿ. ಐರಿಷ್‌ನಲ್ಲಿ ಕ್ನೊಕ್ ಬ್ರೇನಿನ್, ಬ್ರೆಂಡನ್‌ನ ಗುಡ್ಡ. 6ನೆಯ ಶತಮಾನದ ಸಂತ ಬ್ರೆಂಡನ್ ಚರ್ಮದ ದೋಣಿಯಲ್ಲಿ ಪಶ್ಚಿಮದ ಸಮುದ್ರ ದಾಟಿ ‘ಸಂತರ ನಾಡು’ ಕಂಡುಬಂದನೆಂದು ಮಧ್ಯಯುಗದ ಲ್ಯಾಟಿನ್ ಕಥೆಯೊಂದು ಹೇಳುತ್ತದೆ. ಯುರೋಪಿನಾದ್ಯಂತ ಅದರ ನೂರಕ್ಕೂ ಹೆಚ್ಚು ಹಸ್ತಪ್ರತಿಗಳು ಉಳಿದಿವೆ.

ಇದು ಬರೀ ಕಥೆಯೇ, ಅಂಥ ದೋಣಿಯಲ್ಲಿ ಸಾಗರ ದಾಟಲು ಸಾಧ್ಯವೇ ಎಂದು ನೋಡಲು ಟಿಮ್ ಸೆವೆರಿನ್ ಎಂಬ ಸಾಹಸಿ ಮರದ ಚೌಕಟ್ಟಿಗೆ 49 ಎತ್ತಿನ ಚರ್ಮ ಹೊಲಿದು ದೋಣಿ ಕಟ್ಟಿಸಿದ. 1976ರ ಮೇ 17ರಂದು ಈ ಬೆಟ್ಟದ ಬುಡದ ಕಿರುಕೊಲ್ಲಿಯಿಂದ ಹೊರಟು 1977ರ ಜೂನ್ 26ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿದ. ಬ್ರೆಂಡನ್ ಹೋಗಿದ್ದ ಎಂಬುದಕ್ಕೆ ಇದು ಪುರಾವೆಯಲ್ಲ, ಹೋಗಬಹುದಿತ್ತು ಎಂಬುದಕ್ಕೆ ಪುರಾವೆ. ಆ ಕಿರುಕೊಲ್ಲಿ, ಕೂಸ್ ಅನ್ ವುಡಿಗ್, ಹತ್ತಿರದಲ್ಲೇ ಇದೆ. ಬೆಟ್ಟ ಹತ್ತಲಾಗದವರು ಅಲ್ಲಿಗೆ ಹೋಗಿ ಬರಬಹುದು.

ಬೆಟ್ಟವನ್ನು ಅದೇ ದಿನ ಹತ್ತುವ ಆಲೋಚನೆ ಬೇಡ. ಮರುದಿನ ನೋಡಿ, ಅದೂ ನೆತ್ತಿ ನಿಚ್ಚಳವಾಗಿ ಕಂಡರೆ ಮಾತ್ರ. ಬಾಲ್ಯ ಬ್ರ್ಯಾಕ್ ಕಡೆಯಿಂದ ಹತ್ತುವ ದಾರಿಯಲ್ಲಿ ಏಸುವಿನ ಶಿಲುಬೆಯಾತ್ರೆಯ ಹದಿನಾಲ್ಕು ಘಟ್ಟಗಳನ್ನು ಸೂಚಿಸುವ ಶಿಲುಬೆಗಳಿವೆ. ಅವೇ ದಾರಿದೀಪ. ಆದರೂ ಸಮುದ್ರದ ಮೋಡ ನಿಮಿಷಗಳಲ್ಲಿ ಬಂದು ಕವಿಯುತ್ತದೆ, ಪೂರ್ವದ ಮಗ್ಗುಲು ಕಡಿದಾದ ಪ್ರಪಾತ. ಮೋಡ ಕೂತಿದ್ದರೆ ವಾಪಸು ಬನ್ನಿ, ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಅಪಾಯವಾದರೆ 112ಕ್ಕೆ ಕರೆ ಮಾಡಿ ‘ಮೌಂಟನ್ ರೆಸ್ಕ್ಯೂ’ ಎಂದು ಕೇಳಬೇಕು.

ಇನ್ನೊಂದು ದಿನ ಇದ್ದರೆ

ಕಾರಿದ್ದರೆ ಸ್ಲೇ ಹೆಡ್ ಸುತ್ತುರಸ್ತೆ ಹಿಡಿಯಿರಿ. ರಸ್ತೆ ಕಿರಿದು, ದೊಡ್ಡ ಬಸ್ಸುಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬರುತ್ತವೆ. ನೀವೂ ಅದೇ ದಿಕ್ಕಿನಲ್ಲಿ ಹೋದರೆ ಎದುರಾಬದುರಾಗಿ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ. ಫಾಹನ್ ಬಳಿಯ ಇಳಿಜಾರಿನಲ್ಲಿ ಜೇನುಗೂಡಿನಾಕಾರದ ಕಲ್ಲುಗುಡಿಸಲುಗಳಿವೆ. ಕೆಲವನ್ನು ನೋಡಲು ಜಮೀನಿನವರು ಸಣ್ಣ ಶುಲ್ಕ ಪಡೆಯುತ್ತಾರೆ. ಡೂನ್ ಖೀನ್‌ನಲ್ಲಿರುವ ಬ್ಲಾಸ್ಕೆಟ್ ಕೇಂದ್ರ ಎದುರಿನ ದ್ವೀಪದ ಬದುಕನ್ನು ತೋರಿಸುತ್ತದೆ. ಆ ದ್ವೀಪದ ಮೀನುಗಾರ ತೊಮಾಸ್ ಓ ಕ್ರಿಹನ್ 1929ರಲ್ಲಿ ಪ್ರಕಟಿಸಿದ ಆತ್ಮಕಥೆ ಐರಿಷ್ ಸಾಹಿತ್ಯದ ದೊಡ್ಡ ಕೃತಿಗಳಲ್ಲೊಂದು. ಆ ದ್ವೀಪವನ್ನು ಸರ್ಕಾರ 1953ರ ನವೆಂಬರ್‌ನಲ್ಲಿ ತೆರವು ಮಾಡಿಸಿತು.

ಸ್ಮೆರಿಕ್ ಕೊಲ್ಲಿಯ ಅಂಚಿನ ಡೂನ್ ಅನ್ ಓರ್ ಎಂಬಲ್ಲಿ ಈಗ ಹುಲ್ಲು ಮುಚ್ಚಿದ ದಿಬ್ಬವಷ್ಟೇ ಉಳಿದಿದೆ. 1580ರ ನವೆಂಬರ್‌ನಲ್ಲಿ ಇಲ್ಲಿ ಶರಣಾದ ಸುಮಾರು 600 ಇಟಾಲಿಯನ್, ಸ್ಪ್ಯಾನಿಷ್ ಸೈನಿಕರನ್ನೂ ಜೊತೆಗಿದ್ದ ಐರಿಷರನ್ನೂ ಇಂಗ್ಲಿಷ್ ಸೇನಾಪತಿ ಲಾರ್ಡ್ ಗ್ರೇ ಕೊಲ್ಲಿಸಿದ. ಪಕ್ಕದ ಹೊಲವೊಂದನ್ನು ಊರವರು ಇವತ್ತಿಗೂ ‘ಕಡಿದ ಹೊಲ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ.

ಸಂಜೆ ಬಿಸಿಲು ಓರೆಯಾದಾಗ ಗುಡ್ಡದ ಇಳಿಜಾರುಗಳನ್ನು ನೋಡಿ. ಹುಲ್ಲಿನಡಿಯಲ್ಲಿ ಬಾಚಣಿಗೆ ಎಳೆದಂತೆ ಉದ್ದುದ್ದ ಏರಿಗಳು ಕಾಣುತ್ತವೆ. ಅವು ಹಿಂದೆ ಆಲೂಗಡ್ಡೆ ಬೆಳೆಯುತ್ತಿದ್ದ ಮಡಿಗಳು. 1845ರಲ್ಲಿ ಬೆಳೆಗೆ ರೋಗ ತಗುಲಿ ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆಗ ಐರ್ಲೆಂಡಿಗಾಗಿ ಕಲ್ಕತ್ತೆಯಲ್ಲೂ ಹಣ ಸಂಗ್ರಹಿಸಿ ಕಳಿಸಿದ್ದರು. ಗುಡ್ಡದ ಮೇಲಿನ ಅನೇಕ ಮಡಿಗಳು ಆ ನಂತರ ಉಳುಮೆಯನ್ನೇ ಕಾಣಲಿಲ್ಲ.

ಹೊಲದ ಮರ್ಯಾದೆ

ಐರ್ಲೆಂಡಿನಲ್ಲಿ ಎಲ್ಲೆಂದರಲ್ಲಿ ಅಡ್ಡಾಡುವ ಹಕ್ಕು ಸಾರ್ವಜನಿಕರಿಗಿಲ್ಲ. ಸಂತರ ದಾರಿ ತೆರೆದಿರುವುದು ರೈತರು ತಮ್ಮ ಜಮೀನಿನಲ್ಲಿ ಹೋಗಲು ಬಿಟ್ಟಿರುವುದರಿಂದ. ಒಬ್ಬ ನಡಿಗೆಯವನ ಉಡಾಫೆಗೆ ಒಂದು ಹಾದಿ ಮುಚ್ಚಿಹೋಗಬಹುದು.

ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿ ಮತ್ತೆ ಮುಚ್ಚಿ. ನಮ್ಮ ಮಲೆನಾಡಿನ ತಡಮೆಯಂತೆ ಬೇಲಿ ದಾಟಲು ಮೆಟ್ಟಿಲುಗಳಿರುತ್ತವೆ, ಅಲ್ಲೇ ದಾಟಿ. ಒಣಗಲ್ಲಿನ ಗೋಡೆ ಹತ್ತಿದರೆ ಒಂದು ಕಲ್ಲು ಜಾರಿ ಹತ್ತು ಕಲ್ಲು ಬೀಳುತ್ತವೆ. ನಾಯಿ ತರಬೇಡಿ, ಕುರಿ ಬೆದರುತ್ತವೆ. ವಸಂತದಲ್ಲಿ ಮರಿಗಳಿರುವ ಕುರಿಮಂದೆಯಿಂದ ದೂರವಿರಿ. ದುಂಡುಕೋಟೆಗಳ ಏರಿಯ ಮೇಲೆ ಬೆಳೆದ ಮರ ಕಡಿದರೆ ಕೇಡು ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಐರ್ಲೆಂಡಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ದುಂಡುಕೋಟೆಗಳು ಉಳಿದದ್ದರಲ್ಲಿ ಕಾನೂನಿನಷ್ಟೇ ಪಾಲು ಈ ಭಯಕ್ಕೂ ಇದೆ. ಸ್ಮಾರಕಗಳ ಬಳಿ ಅನುಮತಿಯಿಲ್ಲದೆ ಲೋಹಶೋಧಕ ಬಳಸುವುದು ಅಪರಾಧ. ಸಣ್ಣ ಕಲ್ಲನ್ನೂ ನೆನಪಿಗೆಂದು ಜೇಬಿಗೆ ಹಾಕಬೇಡಿ.

ಚೀಲದಲ್ಲಿ ಏನಿರಲಿ?

ರೇನ್‌ಕೋಟು, ನೀರು ಒಳಬಿಡದ ಬೂಟು, ಒಂದು ಜೊತೆ ಹೆಚ್ಚುವರಿ ಕಾಲುಚೀಲ. ಹಾದಿ ಕೆಲವು ಕಡೆ ಕೆಸರುಗದ್ದೆಯೇ. ಸರ್ಕಾರಿ ‘ಡಿಸ್ಕವರಿ’ ನಕ್ಷೆಮಾಲೆಯ 70ನೆಯ ಹಾಳೆ ಈ ಭಾಗದ್ದು, ಪೇಟೆಯಲ್ಲೇ ಕೊಂಡುಕೊಳ್ಳಿ. ನೆಟ್‌ವರ್ಕ್ ಎಲ್ಲ ಕಡೆ ಸಿಗುವುದಿಲ್ಲ. ಎತ್ತರದ ಜರಿಗಿಡಗಳ ನಡುವೆ ನಡೆದಿದ್ದರೆ ರಾತ್ರಿ ಮೈಮೇಲೆ ಉಣ್ಣೆಹುಳ ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ, ಅದರಿಂದ ಲೈಮ್ ಕಾಯಿಲೆ ಬರಬಹುದು. ದಾರಿಯಲ್ಲಿ ಹೋಟೆಲುಗಳು ಕಡಿಮೆ, ಸಸ್ಯಾಹಾರ ಇನ್ನೂ ಕಡಿಮೆ. ಚಪಾತಿಯೋ ಚಿತ್ರಾನ್ನವೋ ಬುತ್ತಿ ಕಟ್ಟಿಕೊಂಡು ಹೊರಡುವುದು ಜಾಣತನ.

ನಡೆಯಲು ಆರು ಗಂಟೆ, ಕಲ್ಲು ನೋಡಲು ಎರಡು ಗಂಟೆ ಎಂದು ಇಟ್ಟುಕೊಂಡರೆ ಬೆಳಿಗ್ಗೆ ಒಂಬತ್ತಕ್ಕೆ ಹೊರಟವರು ಸಂಜೆ ಐದರ ಹೊತ್ತಿಗೆ ಬಾಲ್ಯ ಬ್ರ್ಯಾಕ್‌ನಲ್ಲಿರುತ್ತಾರೆ. ವಯಸ್ಸಾದವರು, ಚಿಕ್ಕ ಮಕ್ಕಳಿರುವವರು ಗ್ಯಾಲರಸ್‌ನಿಂದ ಕಿಲ್ಮಾಲ್ಕೆಡರ್‌ವರೆಗಿನ ತುಂಡನ್ನಷ್ಟೇ ನಡೆಯಲಿ. ದಾರಿಯ ಸಾರವೆಲ್ಲ ಆ ತುಂಡಿನಲ್ಲೇ ಇದೆ.

ಕೊನೆಯದಾಗಿ ಒಂದು ವಿನಂತಿ. ಯಾತ್ರಿಕ ಕೊಲ್ಮಾನನ ಹೆಸರು ಈ ದಾರಿಯ ಕಲ್ಲಿನ ಮೇಲೆ ಇದೆ, ಅದು ಸಾಕು. ನಮ್ಮ ಹೆಸರು, ಬಾಣ ಹೊಡೆದ ಹೃದಯ, ಬಂದ ತಾರೀಕು ಕೆತ್ತುವ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಬರುವಾಗ ಮುಚ್ಚಿದ್ದ ಗೇಟನ್ನು ಮತ್ತೆ ಮುಚ್ಚಿ ಬನ್ನಿ.